ಹಾವಿಗೆ ಮನೆ ಕಟ್ಟಿದ ಹೆಣ್ಣುಮಗಳು

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ ಎಂದು ನಮ್ಮಲ್ಲಿ ಗಾದೆಯೇ ಇದೆ. ಪರರ ದುಡಿಮೆಯನ್ನು ಪುಕ್ಕಟೆಯಾಗಿ ಅನುಭವಿಸುವವರನ್ನು ಹಂಗಿಸಲು ಹೇಳುವ ಮಾತು ಅದು. ಆದರೆ ಹಾವಿನ ಕಡೆಯಿಂದಲೂ ಒಮ್ಮೆ ಯೋಚಿಸಿ ನೋಡಿ. ಅದಕ್ಕೆ ಮನೆ ಕಟ್ಟುವುದು ಗೊತ್ತಿಲ್ಲ, ಆರಿಸಿಕೊಳ್ಳುವುದು ಚೆನ್ನಾಗಿ ಗೊತ್ತು. ಹೊರಗೆ ಬಿಸಿಲು ಸುಡುವಾಗ ಹುತ್ತದೊಳಗೆ ತಂಪು. ಹೊರಗೆ ಚಳಿ ಕೊರೆಯುವಾಗ ಒಳಗೆ ಬೆಚ್ಚಗೆ. ನಮ್ಮ ಹಾಗೆ ಹಾವಿನ ಮೈ ತಾನೇ ಶಾಖ ಹುಟ್ಟಿಸಿಕೊಳ್ಳುವುದಿಲ್ಲ. ಬೇಕಾದಾಗ ಬಿಸಿಲಿಗೆ ಬಂದು, ಸಾಕಾದಾಗ ನೆರಳಿಗೆ ಸರಿದು ಅದು ತನ್ನ ಮೈಯನ್ನು ಹದವಾಗಿ ಇಟ್ಟುಕೊಳ್ಳಬೇಕು. ತಿಂದದ್ದು ಅರಗುವುದೂ ಈ ಹದವನ್ನೇ ಅವಲಂಬಿಸಿದೆ.

ಇಂಥ ಪ್ರಾಣಿಯನ್ನು ಹಿಡಿದು ಪೆಟ್ಟಿಗೆಯಲ್ಲಿ ಇಟ್ಟರೆ ಏನಾಗುತ್ತದೆ? ಅದರ ಆರಿಸಿಕೊಳ್ಳುವ ಹಕ್ಕು ಹೋಗುತ್ತದೆ. ಆಮೇಲೆ ಬಿಸಿಲು, ನೆರಳು, ನೀರು, ಮರೆ ಎಲ್ಲವೂ ಪೆಟ್ಟಿಗೆ ಮಾಡಿದವರ ಹೊಣೆ. ಈ ಸಣ್ಣ ಮಾತು ಅರ್ಥವಾಗಲು ಮನುಷ್ಯರಿಗೆ ಮುಕ್ಕಾಲು ಶತಮಾನವೇ ಹಿಡಿಯಿತು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವಳು, ಆರೋಗ್ಯ ಕೆಟ್ಟು ಹಾಸಿಗೆ ಹಿಡಿಯುತ್ತಲೇ ಬೆಳೆದ ಒಬ್ಬ ಹೆಣ್ಣುಮಗಳು. ಅವಳ ಕತೆ ಹೇಳಬೇಕೆಂದೇ ಇಷ್ಟು ಪೀಠಿಕೆ.

ಲಂಡನ್ ಮೃಗಾಲಯದಲ್ಲಿ 1849ರಲ್ಲಿ ಸರೀಸೃಪಗಳಿಗಾಗಿಯೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಆ ಬಗೆಯದು ಅದೇ ಮೊದಲು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಬೋವಾ, ನಮ್ಮ ಕಡೆಯ ನಾಗರಹಾವು, ಹೆಬ್ಬಾವು ಎಲ್ಲ ಗಾಜಿನ ಹಿಂದೆ ಬಂದು ಕುಳಿತವು. ಜನ ಮುಗಿಬಿದ್ದು ನೋಡಿದರು. ಆದರೆ ಒಳಗಿದ್ದವುಗಳ ಪಾಡು? ಅಲ್ಲಿನ ಚಳಿ ನಮಗೆ ಗೊತ್ತಿರುವುದೇ. ಪಾಪ, ಹಾವಿಗೆ ಚಳಿಯಾದೀತು ಎಂದು ಬೋವಾದ ಪೆಟ್ಟಿಗೆಯಲ್ಲಿ ಒಂದು ಕಂಬಳಿ ಇಟ್ಟಿದ್ದರು. ಒಂದು ದಿನ ಬೋವಾ ಆ ಕಂಬಳಿಯನ್ನೇ ನುಂಗಿಬಿಟ್ಟಿತು! ಸುಮಾರು ಒಂದು ತಿಂಗಳ ನಂತರ ಅದನ್ನು ಹೊರಹಾಕಿತಂತೆ.

ಕೇಳಿದರೆ ನಗು ಬರುತ್ತದೆ. ಆದರೆ ಕಂಬಳಿ ಇಟ್ಟವರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಮಗುವಿಗೆ ಹೊದಿಸುವ ಹಾಗೆ ಹಾವಿಗೂ ಹೊದಿಕೆ ಕೊಟ್ಟಿದ್ದರು. ಕಂಬಳಿ ತಾನು ಬಿಸಿ ಕೊಡುವುದಿಲ್ಲ, ನಮ್ಮ ಮೈಯ ಬಿಸಿಯನ್ನೇ ನಮಗೆ ಉಳಿಸಿಕೊಡುತ್ತದೆ. ಬಿಸಿಯೇ ಹುಟ್ಟದ ಮೈಗೆ ಅದು ಏನನ್ನು ಉಳಿಸಿಕೊಟ್ಟೀತು? ತನಗೆ ಹಿತವಾದದ್ದು ಇನ್ನೊಬ್ಬರಿಗೂ ಹಿತ ಎಂದುಕೊಳ್ಳುವ ಪ್ರೀತಿ ಕೆಲವೊಮ್ಮೆ ಹೀಗೆಯೇ ದಾರಿ ತಪ್ಪುತ್ತದೆ.

ಆ ಮನೆಯಲ್ಲಿ ಅಪಾಯವೂ ಇತ್ತು. 1852ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಕುಡಿದ ಅಮಲಿನಲ್ಲಿ ನಾಗರಹಾವಿನೊಡನೆ ಚೆಲ್ಲಾಟವಾಡಲು ಹೋಗಿ ಕಚ್ಚಿಸಿಕೊಂಡು ಸತ್ತ. ಹಾವಿನ ಮನೆಗೆ ಭದ್ರವಾದ ಬಾಗಿಲು ಬೇಕು, ಅದನ್ನು ತೆರೆಯುವ ಕೈಗೆ ಎಚ್ಚರ ಬೇಕು ಎಂಬುದು ಅಂದಿನಿಂದಲೇ ಕಲಿತ ಪಾಠ.

ಆ ಕಾಲದಲ್ಲಿ ಹಾವಿನ ಬಗ್ಗೆ ಆಸಕ್ತಿ ತೋರುವುದು ಹೆಂಗಸರಿಗೆ ಹೇಳಿದ್ದಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 1882ರಲ್ಲಿ ಹಾವುಗಳ ಕುರಿತು ಸಾಮಾನ್ಯರಿಗಾಗಿ ದೊಡ್ಡದೊಂದು ಇಂಗ್ಲಿಷ್ ಪುಸ್ತಕ ಬರೆದವಳು ಕ್ಯಾಥರೀನ್ ಹಾಪ್ಲಿ ಎಂಬ ಮಹಿಳೆ. ಹಾವಿನ ಸೀಳು ನಾಲಿಗೆ ಕುಟುಕುವ ಆಯುಧವಲ್ಲ ಎಂಬುದನ್ನು ತಿಳಿಸಲು ಅವಳು ಪುಟಗಟ್ಟಲೆ ಬರೆಯಬೇಕಾಯಿತು. ಭಯ ಹೋಗದ ಹೊರತು ಯಾರೂ ಹಾವಿನ ಅನುಕೂಲದ ಬಗ್ಗೆ ಯೋಚಿಸುವುದಿಲ್ಲವಲ್ಲ!

ಇನ್ನು ನಾನು ಹೇಳಹೊರಟ ಹೆಣ್ಣುಮಗಳು. ಅವಳ ಹೆಸರು ಜೋನ್ ಪ್ರಾಕ್ಟರ್. 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ಚಿಕ್ಕಂದಿನಿಂದಲೇ ಕರುಳಿನ ಕಾಯಿಲೆ. ಬೊಂಬೆಗಳ ಜೊತೆ ಆಡುವ ವಯಸ್ಸಿನಲ್ಲಿ ಹಲ್ಲಿ, ಹಾವುಗಳನ್ನು ಸಾಕಿಕೊಂಡಿದ್ದಳು. ಹದಿನಾರರ ಹುಡುಗಿಯಾಗಿದ್ದಾಗ ಒಂದು ಮೊಸಳೆ ಮರಿಯನ್ನು ಶಾಲೆಗೇ ಒಯ್ದಳು. ಅನಾರೋಗ್ಯದಿಂದಾಗಿ ವಿಶ್ವವಿದ್ಯಾಲಯದ ಓದು ತಪ್ಪಿತು. ಬ್ರಿಟಿಷ್ ಮ್ಯೂಸಿಯಂನ ಹೆಸರಾಂತ ಸರೀಸೃಪ ತಜ್ಞ ಬೂಲೆಂಜೆ ಅವರ ಕೈಕೆಳಗೆ ಕೆಲಸ ಕಲಿತಳು. 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗಕ್ಕೆ ಕ್ಯುರೇಟರ್ ಆದಳು. ಆ ಹುದ್ದೆಗೆ ಬಂದ ಮೊದಲ ಹೆಂಗಸು ಅವಳೇ. ಆಗಿನ್ನೂ ಅವಳಿಗೆ ಇಪ್ಪತ್ತಾರರ ಆಸುಪಾಸು.

ಹೊಸ ಸರೀಸೃಪ ಮನೆ ಕಟ್ಟಬೇಕೆಂದಾಗ ಒಳಗಿನ ಏರ್ಪಾಡನ್ನು ರೂಪಿಸಿದವಳು ಜೋನ್. ವಾಸ್ತುಶಿಲ್ಪಿ ಗೈ ಡಾಬರ್ ಜೊತೆ ಸೇರಿ ರೂಪಿಸಿದ ಆ ಕಟ್ಟಡ 1927ರಲ್ಲಿ ತೆರೆಯಿತು. ಅವಳ ಉಪಾಯಗಳನ್ನು ನೋಡಿ. ಇಡೀ ಕಟ್ಟಡವನ್ನು ಒಂದೇ ಸಮನೆ ಕಾಯಿಸುವ ಬದಲು, ವಿದ್ಯುತ್ತಿನಿಂದ ಬೇರೆ ಬೇರೆ ಕಡೆ ಬೇರೆ ಬೇರೆ ಶಾಖ. ಮರಳುಗಾಡಿನ ಪ್ರಾಣಿಗೂ ಮಳೆಕಾಡಿನ ಪ್ರಾಣಿಗೂ ಒಂದೇ ಹದ ಒಗ್ಗೀತೆ? ಬರಿಯ ಗೋಡೆಯ ಬದಲು ಆಯಾ ಪ್ರಾಣಿಯ ಊರಿಗೆ ಹೊಂದುವ ಹಿನ್ನೆಲೆ. ಬೆಳಕೆಲ್ಲ ಪೆಟ್ಟಿಗೆಯೊಳಗೆ, ನೋಡುವವರು ನಿಲ್ಲುವ ಜಾಗ ಮಬ್ಬು.

ಇನ್ನೊಂದು ಸೂಕ್ಷ್ಮವೂ ಇತ್ತು. ಬಿಸಿಲಿನಲ್ಲಿ ಅತಿನೇರಳೆ ಕಿರಣಗಳಿವೆ. ಮೈಯಲ್ಲಿ ಡಿ ಜೀವಸತ್ವ ಉಂಟಾಗಿ ಮೂಳೆ ಗಟ್ಟಿಯಾಗುವುದು ಅವುಗಳಿಂದ. ಸಾಮಾನ್ಯ ಕಿಟಕಿ ಗಾಜು ಬೆಳಕನ್ನು ಬಿಟ್ಟು ಆ ಕಿರಣಗಳಲ್ಲಿ ಬೇಕಾದದ್ದನ್ನೇ ತಡೆದುಬಿಡುತ್ತದೆ. ಹಾಗಾಗಿ ಆ ಕಿರಣಗಳನ್ನು ಒಳಬಿಡುವ ‘ವೀಟಾ’ ಗಾಜನ್ನು ಅಲ್ಲಿ ಬಳಸಿದರು. ಹಸುಗೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ನಮ್ಮ ಅಜ್ಜಿಯರು ಈ ಮಾತನ್ನು ಕೇಳಿದ್ದರೆ ತಲೆದೂಗುತ್ತಿದ್ದರು.

ಇಂದು ಹೊರದೇಶಗಳಲ್ಲಿ ಬೋವಾ ಸಾಕುವವರು ಪೆಟ್ಟಿಗೆ ಕೊಳ್ಳುವಾಗ ಕೇಳುವ ಪ್ರಶ್ನೆಗಳೂ ಇವೇ. ಒಂದು ತುದಿಯಲ್ಲಿ 32 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿ, ಇನ್ನೊಂದು ತುದಿಯಲ್ಲಿ 25–26ರಷ್ಟು ತಂಪು ಇದೆಯೇ? ಎರಡೂ ಕಡೆ ಅವಿತುಕೊಳ್ಳಲು ಮರೆ ಇದೆಯೇ? ಮೈ ಮುಳುಗಿಸುವಷ್ಟು ನೀರಿನ ತೊಟ್ಟಿ, ಹತ್ತಲು ಗಟ್ಟಿ ಕೊಂಬೆ, ಹಾವು ಮೈ ಸುಟ್ಟುಕೊಳ್ಳದಂತೆ ದೀಪಕ್ಕೆ ಜಾಲರಿ, ಬಾಗಿಲಿಗೆ ಬೀಗ? ಹಾವು ಸುರುಳಿ ಸುತ್ತಿಕೊಂಡೇ ಇರುತ್ತದೆ, ಅದಕ್ಕೆ ಜಾಗವೇಕೆ ಎನ್ನುತ್ತಿದ್ದ ಕಾಲವಿತ್ತು. ಜಾಗ ಕೊಟ್ಟರೆ ಅದು ನೀಳವಾಗಿ ಮೈಚಾಚುತ್ತದೆ ಎಂಬುದನ್ನು ಗಮನಿಸಿದ ಮೇಲೆ, ಹಾವಿನ ಉದ್ದದಷ್ಟಾದರೂ ಮನೆಯ ಉದ್ದ ಇರಲೇಬೇಕೆಂದು ಬಲ್ಲವರು ಹೇಳುತ್ತಾರೆ. ಬೆಳೆದ ಬೋವಾ ಆರರಿಂದ ಹತ್ತು ಅಡಿ ಇರಬಹುದು. ಇಪ್ಪತ್ತು ಮೂವತ್ತು ವರ್ಷ ಬದುಕಬಹುದು. ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದ ಒಂದು ಬೋವಾ 40 ವರ್ಷ ಬಾಳಿ 1977ರಲ್ಲಿ ಸತ್ತಿತು. ಅಂಗೈಯಗಲದ ಮರಿಯನ್ನು ನೋಡಿ ಮರುಳಾಗಿ ತರುವವರು ಇಷ್ಟು ದೀರ್ಘ ಸಂಸಾರವನ್ನು ಲೆಕ್ಕ ಹಾಕಿರುತ್ತಾರೆಯೆ?

ಬೋವಾದ ದೂರದ ನೆಂಟನೊಬ್ಬ ನಮ್ಮ ಕರ್ನಾಟಕದಲ್ಲೂ ಇದ್ದಾನೆ. ಎರಡು ತಲೆಯ ಹಾವು, ಮಣ್ಣುಮುಕ್ಕ ಎಂದೆಲ್ಲ ಕರೆಸಿಕೊಳ್ಳುವ ಸಾಧುಪ್ರಾಣಿ. ಮೊಂಡಾದ ಬಾಲ ತಲೆಯಂತೆ ಕಾಣುವುದರಿಂದ ಬಂದ ಹೆಸರು. ಅದೃಷ್ಟ ತರುತ್ತದೆ ಎಂಬ ಮೂಢನಂಬಿಕೆಯಿಂದ ಅದನ್ನು ಚೀಲದಲ್ಲಿ ತುಂಬಿ ಗುಟ್ಟಾಗಿ ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಅದಕ್ಕೆ ತಕ್ಕ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: ಅದು ಹುದುಗಿಕೊಂಡಿರುವ ಹೊಲದ ಸಡಿಲ ಮಣ್ಣು.

ಜೋನ್ ತನ್ನ ಹೊಸ ಮನೆಗೆ ಬಂದ ಕೊಮೊಡೊ ಎಂಬ ದೈತ್ಯ ಉಡವನ್ನು ಪಳಗಿಸಿದಳು. 1928ರಲ್ಲಿ ವಿದ್ವಾಂಸರ ಸಭೆಗೇ ಅದನ್ನು ಕರೆತಂದು ಕೈಯಾರೆ ಉಣಿಸಿದಳು. ಭಯಂಕರ ಎಂದು ಹೆಸರಾಗಿದ್ದ ಪ್ರಾಣಿ ಅವಳ ಪಕ್ಕದಲ್ಲಿ ಸಾಧುವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಕಾಯಿಲೆ ಬಲಿತಿತ್ತು. ಕೊನೆಗಾಲದಲ್ಲಿ ವಿದ್ಯುತ್ ಗಾಲಿಕುರ್ಚಿಯಲ್ಲಿ ಕುಳಿತು ಮೃಗಾಲಯದ ಉಸ್ತುವಾರಿ ನೋಡುತ್ತಿದ್ದಳು. 1931ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಅವಳಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ವಯಸ್ಸು 34.

ಯಾವಾಗಲೂ ಮೈಯಲ್ಲಿ ನೋವಿರುವವರಿಗೆ ಸಣ್ಣ ಸಣ್ಣ ಅನುಕೂಲಗಳ ಬೆಲೆ ಗೊತ್ತಿರುತ್ತದೆ. ತಲೆದಿಂಬು ಎಷ್ಟು ಎತ್ತರ, ಕಿಟಕಿ ಎಷ್ಟು ತೆರೆದಿರಬೇಕು, ಯಾವ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದು. ತಮಗೇನು ಬೇಕೆಂದು ಬಾಯಿಬಿಟ್ಟು ಹೇಳಲಾರದ ಜೀವಗಳ ಬೇಕುಬೇಡಗಳನ್ನು ಅವಳು ಊಹಿಸಿದ್ದು ಅದರಿಂದಲೇ ಇರಬಹುದೇನೋ ಎಂದು ನನಗನ್ನಿಸುತ್ತದೆ. ಮೃಗಾಲಯ 2024ರಲ್ಲಿ ಸರೀಸೃಪಗಳಿಗೆ ಮತ್ತೊಂದು ಹೊಸ ಮನೆ ತೆರೆಯಿತು. ಅವಳದಕ್ಕಿಂತ ಹೆಚ್ಚು ಸೌಕರ್ಯಗಳು ಅಲ್ಲಿವೆ. ಆದರೆ ಕಟ್ಟುವ ಮುಂಚೆ, ಒಳಗೆ ಇರಬೇಕಾದವರಿಗೆ ಏನು ಬೇಕೆಂದು ಕೇಳಿಕೊಳ್ಳುವ ಅವಳ ರೂಢಿ ಹಳತಾಗಿಲ್ಲ. ಹಾವಿನ ಮನೆಗಿರಲಿ, ಗಂಡಸರೇ ನಕ್ಷೆ ಬರೆದು ಅಡುಗೆಮನೆಗೆ ಕಿಟಕಿ ಇಡಲು ಮರೆತ ನಮ್ಮ ಎಷ್ಟೋ ಮನೆಗಳಿಗೂ ಅದು ಬೇಕಾಗಿತ್ತು.