ಸುತ್ತಿ ನೋಡುವ ಶಿಲ್ಪ: ಕನೋವಾನ ಸೈಕಿ ಮತ್ತು ಕೂಡಲದ ಬಹುಮುಖಿ ಲಿಂಗ

ಇಟಲಿಯ ಅಂತೋನಿಯೊ ಕನೋವಾ 1787ರಲ್ಲಿ ಕೈಗೆತ್ತಿಕೊಂಡು 1793ರಲ್ಲಿ ಮುಗಿಸಿದ ‘ಕ್ಯೂಪಿಡ್ ಮತ್ತು ಸೈಕಿ’ ಅಮೃತಶಿಲೆಯ ಶಿಲ್ಪ ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ತೆರೆಯಬಾರದ ಭರಣಿ ತೆರೆದು ಸಾವಿನಂಥ ನಿದ್ದೆಗೆ ಜಾರಿದ ಸೈಕಿಯನ್ನು ಕ್ಯೂಪಿಡ್ ಎಬ್ಬಿಸುವ ಗಳಿಗೆ ಅದು. ಕಥೆ ಎರಡನೆಯ ಶತಮಾನದ ಲ್ಯಾಟಿನ್ ಲೇಖಕ ಅಪುಲೇಯಸ್‌ನದು. ಈ ನವ-ಶಾಸ್ತ್ರೀಯ ಕೃತಿಯ ನುಣುಪನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಸೈಕಿಯ ಪಾದದ ಬಳಿ ಇರುವ ಹಿಡಿಕೆ. ಅದನ್ನು ಹಿಡಿದು ಇಡೀ ಶಿಲ್ಪವನ್ನೇ ತಿರುಗಿಸಬಹುದಿತ್ತು. ಮುಂದಿನಿಂದ ನೋಡಿದರೆ ಮೇಲಕ್ಕೆ ಚಾಚಿದ ರೆಕ್ಕೆಗಳು, ಎರಡು ಮುಖಗಳನ್ನು ಬಳಸಿದ ತೋಳುಗಳು. ಕಥೆಗೆ ಕಾರಣವಾದ ಭರಣಿ, ಕ್ಯೂಪಿಡ್‌ನ ಬತ್ತಳಿಕೆ ಕಾಣಬೇಕಾದರೆ ಹಿಂಬದಿಗೇ ಬರಬೇಕು.

ನೋಡುವವನು ನಿಂತಲ್ಲೇ ನಿಂತ, ಕಲ್ಲು ತಿರುಗಿತು. ಭೀಮಾತೀರದಲ್ಲಿ ಇದು ತಲೆಕೆಳಗು.

ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ-ಕೂಡಲ ಭೀಮಾ, ಸೀನಾ ನದಿಗಳು ಕೂಡುವ ಜಾಗ. ಹೊಳೆಯಾಚೆ ಕರ್ನಾಟಕ. ಇಲ್ಲಿನ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಮರಾಠಿ ಶಾಸನವಿದೆ. ಪಕ್ಕದ ಹರಿಹರೇಶ್ವರ ಗುಡಿಯ ಆವರಣದಲ್ಲಿ, ಉತ್ಖನನದಿಂದ ಬೆಳಕಿಗೆ ಬಂದ ಬಹುಮುಖಿ ಲಿಂಗವಿದೆ. ಸಾಲುಸಾಲಾಗಿ 359 ಶಿವಮುಖಗಳು. ಲಿಂಗವನ್ನೇ 360ನೆಯದಾಗಿ ಎಣಿಸುವುದೂ ಉಂಟು. ಎದುರಿಗೆ ನಿಂತವರಿಗೆ ಸಿಗುವುದು ಹೆಚ್ಚೆಂದರೆ ಅರ್ಧ. ಉಳಿದ ಮುಖಗಳಿಗಾಗಿ ನಾವೇ ಸುತ್ತಬೇಕು. ಕನೋವಾ ಒಂದು ಗಳಿಗೆಯನ್ನು ಎರಡು ದೇಹಗಳಲ್ಲಿ ಹಿಡಿದಿಟ್ಟ. ಇಲ್ಲಿ ಒಬ್ಬನೇ ದೇವರು, ಮುಖ ಮಾತ್ರ ಮುಗಿಯುವುದಿಲ್ಲ. ಎರಡನ್ನೂ ‘ಮೂರ್ತಿಶಿಲ್ಪ’ ಎಂಬ ಒಂದೇ ತಕ್ಕಡಿಯಲ್ಲಿ ತೂಗುವ ಕಲಾಚರಿತ್ರೆ ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಈ ಸೀಮೆಗೆ ಪ್ರದಕ್ಷಿಣೆ ಹೊಸದಲ್ಲ. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ 12ನೆಯ ಶತಮಾನದಲ್ಲಿ ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದನೆಂಬುದು ಪರಂಪರೆ. ಇಂದಿಗೂ ಸಂಕ್ರಾಂತಿ ಜಾತ್ರೆಯಲ್ಲಿ ನಂದಿಧ್ವಜಗಳು ಆ ಲಿಂಗಗಳನ್ನು ಸುತ್ತುತ್ತವೆ. ಅವಕ್ಕೆ ಎಣ್ಣೆಮಜ್ಜನ ನಡೆಯುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡಿಗರಿಗೆ ದೇವರನ್ನು ನೋಡುವುದೆಂದರೆ ಕಾಲಿಗೂ ಕೆಲಸ. ಕೂಡಲದ ಶಿಲ್ಪಿ ನೆಚ್ಚಿಕೊಂಡದ್ದು ಇಂಥ ನೋಡುಗರನ್ನೇ ಎಂದು ಊಹಿಸಲು ಆಧಾರವಿದೆ: ಲಿಂಗಕ್ಕೆ ಹಿಂಬದಿ ಎಂಬುದೇ ಇಲ್ಲ, ಯಾವ ಕಡೆಯೂ ಬರಿದಾಗಿ ಬಿಟ್ಟಿಲ್ಲ.

ಸೊಲ್ಲಾಪುರದ ಕಲಾ ವಿದ್ಯಾರ್ಥಿಗಳು ಈ 359 ಮುಖಗಳನ್ನು ಒಂದೊಂದಾಗಿ ಬರೆದು, ಅಳೆದು, ಕನ್ನಡ ಮತ್ತು ಮರಾಠಿಯಲ್ಲಿ ದಾಖಲಿಸಲಿ. ಒಂದೇ ಎದುರು ಚಿತ್ರ ಅಚ್ಚು ಹಾಕಿ ಮುಗಿಸುವ ಕೆಲಸವಲ್ಲ ಇದು.