ಬಣ್ಣದ ವಿಷವನ್ನು ಅಳೆದದ್ದು ಯಾರ ಮೈಮೇಲೆ? ನಾರಾಯಣಪೇಟೆ, ಗದ್ವಾಲ ಸೀರೆಗಳ ಕಡೆಯಿಂದ ಒಂದು ನೋಟ

ಕನ್ನಡ ಎಂ.ಎ. ವಿದ್ಯಾರ್ಥಿಗೂ ರಾಸಾಯನಿಕ ವಿಷಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ವಿಷವೈದ್ಯ ನಮ್ಮ ಸಾಹಿತ್ಯಕ್ಕೆ ಹೊರಗಿನದಲ್ಲ. 14ನೇ ಶತಮಾನದ ಜೈನಕವಿ ಮಂಗರಾಜ ‘ಖಗೇಂದ್ರಮಣಿದರ್ಪಣ’ ಅನ್ನೋ ವಿಷವೈದ್ಯ ಗ್ರಂಥವನ್ನ ಪದ್ಯದಲ್ಲೇ ಬರೆದಿದ್ದಾನೆ. ಅಲ್ಲಿರೋದು ಹಾವು, ಚೇಳು, ಗಿಡಮೂಲಿಕೆಗಳ ವಿಷ. ನಾನು ಹೇಳೋದು ಕಾರ್ಖಾನೆಯಲ್ಲಿ ಹುಟ್ಟಿ ನಮ್ಮ ಮಗ್ಗದ ಮನೆಗಳಿಗೆ ಬಂದ ಬಣ್ಣದ ಬಗ್ಗೆ.

ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ನಾರಾಯಣಪೇಟೆ, ಮಕ್ತಲ್ ಕಡೆ ಇವತ್ತಿಗೂ ಕನ್ನಡ, ತೆಲುಗು ಎರಡೂ ಕೂಡಿದ ಮಾತು ಕೇಳ್ತೀವಿ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ನೂಲು ಎರಡು ಥರ ಆದ್ದರಿಂದ ಬಣ್ಣವೂ ಎರಡು ಥರ ಬೇಕು. ಕೈಮಗ್ಗದ ಹತ್ತಿ ನೂಲಿಗೆ ದೇಶದ ಎಲ್ಲ ಕಡೆ ವ್ಯಾಟ್, ನ್ಯಾಫ್ತಾಲ್, ರಿಯಾಕ್ಟಿವ್ ಬಣ್ಣಗಳು ರೂಢಿಯಲ್ಲಿವೆ. ಸೀರೆಯ ಚರಿತ್ರೆ ಬರೆಯುವಾಗ ನೇಕಾರರ ಹೆಸರಾದರೂ ಬರುತ್ತೆ, ಲಡಿಗೆ ಬಣ್ಣ ಹಾಕೋರ ಸುದ್ದಿ ಅಪರೂಪ.

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಮಾವ್ ಎಂಬ ನೇರಳೆ ಬಣ್ಣ ತಯಾರಿಸಿದ. ಕೃತಕ ಬಣ್ಣದ ಉದ್ಯಮ ಬೆಳೆದದ್ದು ಅಲ್ಲಿಂದ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಕಂಡು ವರದಿ ಮಾಡಿದ. ಅಂದರೆ ಮೊದಲ ವಿಷಪರೀಕ್ಷೆ ನಡೆದದ್ದು ಕೂಲಿಗಳ ಮೈಮೇಲೆ, ಅವರನ್ನು ಕೇಳದೇನೇ. ಬಣ್ಣ ತಯಾರಿಗೆ ಬಳಸ್ತಿದ್ದ 2-ನ್ಯಾಫ್ತೈಲಮೀನ್ ನಾಯಿಗಳಲ್ಲಿ ಇಂಥದೇ ಗೆಡ್ಡೆ ತರುತ್ತೆ ಅಂತ ವಿಲ್ಹೆಲ್ಮ್ ಹ್ಯೂಪರ್ ಅಮೆರಿಕದಲ್ಲಿ ತೋರಿಸಿದ್ದು 1938ರಲ್ಲಿ. ನಡುವೆ 43 ವರ್ಷ ಕಳೆದಿತ್ತು.

ಇಷ್ಟು ತಡ ಯಾಕಾಯ್ತು? ಒಂದು ಕಾರಣ ಒಡಲೊಳಗೇ ಇದೆ. ಈ ಅಮೀನ್ ಬಂದ ರೂಪದಲ್ಲೇ ಕೆಡುಕು ಮಾಡೋದಿಲ್ಲ. ಯಕೃತ್ತು ಅದನ್ನು ಬದಲಾಯಿಸಿ ಹೊರಹಾಕಲು ನೋಡುತ್ತೆ, ಆ ಬದಲಾದ ಪದಾರ್ಥವೇ ಮೂತ್ರಕೋಶದಲ್ಲಿ ಡಿಎನ್‌ಎಗೆ ಅಂಟುತ್ತೆ. ಈ ಚಯಾಪಚಯ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಇಲಿಯಲ್ಲಿ ಸುಲಭಕ್ಕೆ ಕಾಣದ್ದು ನಾಯಿಯಲ್ಲಿ, ಮನುಷ್ಯನಲ್ಲಿ ಕಂಡಿತು. 1970ರ ದಶಕದಲ್ಲಿ ಬ್ರೂಸ್ ಏಮ್ಸ್ ತಮ್ಮ ಬ್ಯಾಕ್ಟೀರಿಯಾ ಪರೀಕ್ಷೆಗೆ ಇಲಿ ಯಕೃತ್ತಿನ ಸಾರ ಬೆರೆಸಿದ್ದು ಇದಕ್ಕೇ.

ಈಗ ಮನುಷ್ಯನ ಯಕೃತ್ತಿನ ಕೋಶಗಳನ್ನೇ ತಟ್ಟೆಯಲ್ಲಿ ಬೆಳೆಸ್ತಾರೆ. ಹೆಪ್‌ಜಿ2 ಕೋಶ ಬೆಳೆಸೋದು ಸುಲಭ, ಆದರೆ ಅದರಲ್ಲಿ ಬೇಕಾದ ಕಿಣ್ವಗಳು ಕಡಿಮೆ. ಹೆಪಾಆರ್‌ಜಿ ಕೋಶದಲ್ಲಿ ಹೆಚ್ಚು. ರಾಸಾಯನಿಕ ಹಾಕಿದ ಮೇಲೆ ಎಷ್ಟು ಕೋಶ ಸತ್ತವು ಅಂತ ಎಣಿಸೋದು ಹಳೇ ಪದ್ಧತಿ. ಚಯಾಪಚಯ ಚಿತ್ರಣದಲ್ಲಿ, ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಎನ್‌ಎಂಆರ್ ಯಂತ್ರದಿಂದ ಕೋಶದೊಳಗಿನ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೆ ನೋಡ್ತಾರೆ. ವಿಷ ತಡೆಯೋ ಗ್ಲುಟಾಥಯೋನ್ ಇಳಿದರೆ, ಲ್ಯಾಕ್ಟೇಟ್ ಏರಿದರೆ, ಕೋಶ ಸಾಯೋಕೆ ಮೊದಲೇ ಅದು ಕಷ್ಟದಲ್ಲಿದೆ ಅಂತ ಗೊತ್ತಾಗುತ್ತೆ. ಯಾವ ದಾರಿಯಲ್ಲಿ ಪೆಟ್ಟು ಬಿತ್ತು ಅನ್ನೋ ಸುಳಿವೂ ಸಿಗುತ್ತೆ.

ಕಾನೂನೂ ಒಡಲೊಳಗಿನ ಈ ಬದಲಾವಣೆಯನ್ನು ಒಪ್ಪಿಕೊಂಡಿದೆ. ಒಡೆದಾಗ ಅಪಾಯಕಾರಿ ಅಮೀನ್ ಬಿಡೋ ಅಜೋ ಬಣ್ಣಗಳನ್ನು ಬಟ್ಟೆಯಲ್ಲಿ ಬಳಸಬಾರದು ಅಂತ ಜರ್ಮನಿ 1994ರಲ್ಲಿ ತಡೆ ತಂದಿತು. 1997ರಲ್ಲಿ ಭಾರತ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಯುರೋಪಿನ ಮಿತಿ, ಕಿಲೋ ಬಟ್ಟೆಗೆ 30 ಮಿಲಿಗ್ರಾಂ ಅಮೀನ್. ಇಲ್ಲೇ ನನ್ನ ತಕರಾರು. ಈ ಅಳತೆ ಸೀರೆಯನ್ನು, ಉಡೋರನ್ನು ನೋಡುತ್ತೆ. ನ್ಯಾಫ್ತಾಲ್ ಪದ್ಧತಿಯಲ್ಲಿ ‘ಬೇಸ್’ ಅಂತ ಕರೆಯೋ ಪುಡಿಯೇ ಅರೋಮ್ಯಾಟಿಕ್ ಅಮೀನ್. ಎಲ್ಲ ಬೇಸೂ ನಿಷೇಧಿತ ಅಲ್ಲ, ಎಲ್ಲವೂ ಒಂದೇ ಥರ ಅಪಾಯವೂ ಅಲ್ಲ. ಆದರೆ ಆ ಪುಡಿಯನ್ನು ಕಲಸೋ ಕೈಗೆ ತಾಗೋದೆಷ್ಟು, ಮೂಗಿಗೆ ಹೋಗೋದೆಷ್ಟು ಅನ್ನೋದು ತೊಳೆದು ಒಣಗಿಸಿದ ಸೀರೆಯ ಪರೀಕ್ಷೆಯಲ್ಲಿ ಕಾಣೋದಿಲ್ಲ.

ನಮ್ಮ ಸೀರೆಗಳು ವಿಷ ಅಂತ ನಾನು ಹೇಳ್ತಿಲ್ಲ. ಕೋಶಪರೀಕ್ಷೆ ಪದಾರ್ಥದ ಗುಣ ಹೇಳುತ್ತೆ. ಅದು ಯಾರಿಗೆ, ಎಷ್ಟು, ಎಷ್ಟು ವರ್ಷ ತಾಗಿತು ಅನ್ನೋದನ್ನು ಹೇಳೋದಿಲ್ಲ. ತಟ್ಟೆಯ ಕೋಶಕ್ಕೆ ಮೂವತ್ತು ವರ್ಷದ ದುಡಿಮೆ ಇರಲ್ಲ. ಯಾವ ದಶಕದಲ್ಲಿ ಯಾವ ಬಣ್ಣ ಬಂತು, ಅದನ್ನು ಬಣ್ಣಗಾರರು ಏನಂತ ಕರೀತಿದ್ರು, ಬರಿಗೈಯಲ್ಲಿ ಕಲಸಿದ್ರಾ, ಬಣ್ಣದ ನೀರು ಎಲ್ಲಿಗೆ ಹೋಯ್ತು: ಇದನ್ನೆಲ್ಲ ಅವರ ಮಾತಲ್ಲೇ ಕೇಳಿ ಬರೆದುಕೊಳ್ಳಬೇಕು. ಆಗ ಮಾತ್ರ ತಟ್ಟೆಗೆ ಯಾವ ರಾಸಾಯನಿಕವನ್ನ ಎಷ್ಟು ಹಾಕಬೇಕು ಅನ್ನೋದು ನಮ್ಮ ಊರುಗಳಿಗೆ ತಕ್ಕಂತೆ ತಿಳಿಯುತ್ತೆ. ಮಾತು ಸಂಗ್ರಹಿಸೋದು ಭಾಷೆ ಓದಿದವರ ಕೆಲಸ, ಪರೀಕ್ಷೆ ಪ್ರಯೋಗಾಲಯದ್ದು. ಹಳೇ ಬಣ್ಣಗಾರರು ಇರೋವಾಗಲೇ ಎರಡೂ ಕೂಡಬೇಕು ಅನ್ನೋದು ನನ್ನ ಕೋರಿಕೆ.