ಔಷಧ ತಯಾರಿಸಲು ಆರ್‌ಎನ್‌ಎ ಬಳಸಿದರೆ ನಮ್ಮ ವಂಶವಾಹಿ ಬದಲಾಗುತ್ತದೆಯೇ?

‘ಆರ್‌ಎನ್‌ಎ’ ಎಂಬ ಪದ ಕಂಡರೆ ಸಾಕು, ಅದು ನಮ್ಮ ವಂಶವಾಹಿಯನ್ನೇ ಬದಲಿಸುತ್ತದೆ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತವೆ. ಆದರೆ ಔಷಧದ ಅಣುವನ್ನು ತಿದ್ದುವ ಕೆಲಸದಲ್ಲೂ ಆರ್‌ಎನ್‌ಎ ಬಳಸಬಹುದು. ಅದು ಹೇಗೆಂದು ನೋಡೋಣ.

ಸಮಸ್ಯೆ ಏನು?

ಗಾಯಕ್ಕೆ ಹಚ್ಚುವ ನಿಯೋಸ್ಪೋರಿನ್ ಪುಡಿ ನಮಗೆಲ್ಲ ಗೊತ್ತು. ಅದರಲ್ಲಿರುವ ನಿಯೋಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಆ್ಯಂಟಿಬಯಾಟಿಕ್. ಸೆಲ್ಮನ್ ವಾಕ್ಸ್‌ಮನ್ ಮತ್ತು ಹ್ಯೂಬರ್ಟ್ ಲೆಷೆವಲಿಯೆ 1949ರಲ್ಲಿ ಇದನ್ನು ಪ್ರಕಟಿಸಿದರು. ಕೆಲವು ಬ್ಯಾಕ್ಟೀರಿಯಾಗಳು ಈ ಅಣುವಿಗೆ ಬೇರೆ ತುಣುಕು ಅಂಟಿಸಿ ಅದನ್ನು ನಿಷ್ಪ್ರಯೋಜಕ ಮಾಡುತ್ತವೆ. ಅವುಗಳನ್ನು ಮಣಿಸಬೇಕಾದರೆ ಅಣುವನ್ನು ಸ್ವಲ್ಪ ತಿದ್ದಬೇಕು. ತೊಡಕೆಂದರೆ, ನಿಯೋಮೈಸಿನ್ ಬಿ ಅಣುವಿನಲ್ಲಿ ಬಹುತೇಕ ಒಂದೇ ಬಗೆಯ 6 ಅಮೈನೊ ಗುಂಪುಗಳಿವೆ. ಒಂದನ್ನು ತಿದ್ದಲು ಹೋದರೆ ಉಳಿದವೂ ಬದಲಾಗುತ್ತವೆ.

ಸೀರೆಗೆ ಗಂಟು ಕಟ್ಟಿದ ಹಾಗೆ

ದೊಡ್ಡಬಳ್ಳಾಪುರದಂಥ ಸೀರೆಯ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಂಧನಿ ಸೀರೆಯಲ್ಲಿ ಬಣ್ಣ ಬೇಡದ ಕಡೆ ದಾರ ಬಿಗಿದು, ಬಣ್ಣದಲ್ಲಿ ಅದ್ದಿ, ಆಮೇಲೆ ಗಂಟು ಬಿಚ್ಚುತ್ತಾರೆ. ರಸಾಯನಶಾಸ್ತ್ರಜ್ಞರೂ ಅಣುವಿನ ಭಾಗಗಳನ್ನು ಹೀಗೆಯೇ ಮುಚ್ಚುತ್ತಾರೆ. ಆದರೆ ಗಂಟು ಕಟ್ಟಲು, ಬಿಚ್ಚಲು ಹಲವು ಹಂತಗಳು ಬೇಕು. ಹಂತ ಹೆಚ್ಚಿದಂತೆ ಸಮಯ, ಖರ್ಚು ಎರಡೂ ಹೆಚ್ಚು.

ನೆದರ್ಲೆಂಡ್ಸ್‌ನ ಗ್ರೊನಿಂಗನ್ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಹೆರ್ಮನ್ ತಂಡ 2012ರಲ್ಲಿ ಸುಲಭ ದಾರಿ ತೋರಿಸಿತು. ನಿರ್ದಿಷ್ಟ ಅಣುವನ್ನು ಮಾತ್ರ ಹಿಡಿಯುವ ಚಿಕ್ಕ ಆರ್‌ಎನ್‌ಎ ಅಥವಾ ಡಿಎನ್‌ಎ ಎಳೆಗೆ ಆಪ್ಟಮರ್ ಎನ್ನುತ್ತಾರೆ. ಇಂಥ ಆರ್‌ಎನ್‌ಎ ಎಳೆ ನಿಯೋಮೈಸಿನ್‌ನ ಹಲವು ಗುಂಪುಗಳನ್ನು ಒಟ್ಟಿಗೇ ಮುಚ್ಚಿತು. ಹೊರಗುಳಿದ ಭಾಗವನ್ನು ಒಂದೇ ಹಂತದಲ್ಲಿ ತಿದ್ದಲಾಯಿತು. ಇಂಥ ಪ್ರಯೋಗಗಳಲ್ಲಿ 83%ವರೆಗೆ ಅಣುಗಳು ಬದಲಾದವು. ಆ ಬದಲಾವಣೆ 99%ಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲೇ ಆಗಿತ್ತು.

ಹಾಗಾದರೆ ಭಯ ಬೇಕೇ?

ಬೇಡ. ಇಲ್ಲಿ ಆರ್‌ಎನ್‌ಎ ಅಣುವಿಗೆ ಅಂಟಿಕೊಂಡು ಉಳಿಯುವುದಿಲ್ಲ. ಮೆತ್ತಗೆ ಹಿಡಿದಿದ್ದು, ಕೆಲಸ ಮುಗಿದ ಮೇಲೆ ಬೇರ್ಪಡುತ್ತದೆ. ಎಲ್ಲವೂ ನಡೆಯುವುದು ಪ್ರಯೋಗಾಲಯದ ಪ್ರನಾಳದಲ್ಲಿ, ನಮ್ಮ ದೇಹದಲ್ಲಲ್ಲ. ಮೆಡಿಕಲ್ ಶಾಪ್‌ನ ನಿಯೋಮೈಸಿನ್ ತಯಾರಾಗುವುದು ಸೂಕ್ಷ್ಮಜೀವಿಗಳನ್ನು ಬೆಳೆಸುವ ಹುದುಗುವಿಕೆಯಿಂದ, ಈ ವಿಧಾನದಿಂದಲ್ಲ.

ನೆನಪಿಡಿ

ನಿಜವಾದ ಅಪಾಯ ಬೇರೆ ಕಡೆ ಇದೆ. ಆ್ಯಂಟಿಬಯಾಟಿಕ್‌ಗಳನ್ನು ಬೇಕಾಬಿಟ್ಟಿ ಬಳಸಿದಷ್ಟೂ ಅವುಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಒಂದು ಅಣುವನ್ನು ತಿದ್ದುವುದೇ ಇಷ್ಟು ಕಷ್ಟವಾದಾಗ, ಇರುವ ಔಷಧಗಳನ್ನು ಉಳಿಸಿಕೊಳ್ಳುವುದು ಜಾಣತನ. ವೈದ್ಯರನ್ನು ಕೇಳದೆ ಆ್ಯಂಟಿಬಯಾಟಿಕ್ ಬಳಸಬೇಡಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.